ಶೂಟ್ ಮಾಡದ ಪಾಯಿಂಟ್ ಗಾರ್ಡ್‌ನನ್ನು ಅಳೆಯುವುದು ಹೇಗೆ? ರಾಜಾನ್ ರೊಂಡೊ ಬಗ್ಗೆ ಚರ್ಚೆ

ಹಸಿರು_ಜೆರ್ಸಿ

ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಪಾಯಿಂಟ್ ಗಾರ್ಡ್ (ಚೆಂಡು ತಂದು ಆಟ ನಡೆಸುವವನು) ರೊಂಡೊ 2024ರಲ್ಲಿ ನಿವೃತ್ತಿ ಹೇಳಿದ. ಆವತ್ತಿಂದ ಅವನ ಬಗ್ಗೆ ಎರಡೇ ಥರದ ಮಾತು ಕೇಳಿಸುತ್ತಿದೆ. ಒಂದು, "ಅವನು ಜಾಣ, ಪ್ಲೇಆಫ್ ಬಂದರೆ ಬೇರೆಯೇ ಆಟಗಾರ". ಇನ್ನೊಂದು, "ಶೂಟ್ ಮಾಡೋಕೆ ಬರಲ್ಲ, ದೊಡ್ಡ ಆಟಗಾರರ ನೆರಳಲ್ಲಿ ಬೆಳೆದ". ಎರಡೂ ನನಗೆ ಅರ್ಧ ಮಾತು ಅನ್ನಿಸುತ್ತವೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಅವನ ಬಲ ನೋಡೋಣ. 6 ಅಡಿ 1 ಇಂಚಿನ ಹುಡುಗ. ಆದರೆ ಎರಡೂ ಕೈ ಚಾಚಿದರೆ 6 ಅಡಿ 9 ಇಂಚು. ಅಂಗೈ ಕೂಡ ದೊಡ್ಡದು, ಚೆಂಡನ್ನು ಒಂದೇ ಕೈಯಲ್ಲಿ ಹಿಡಿದು ಆಡಿಸುತ್ತಿದ್ದ. ಬೆನ್ನ ಹಿಂದೆ ಪಾಸ್ ಕೊಡುವ ಹಾಗೆ ತೋರಿಸಿ, ಚೆಂಡನ್ನು ವಾಪಸ್ ಎಳೆದುಕೊಂಡು ಲೇಅಪ್ (ಬುಟ್ಟಿ ಹತ್ತಿರ ಹೋಗಿ ಹಾಕುವ ಶಾಟ್) ಹಾಕುವ ಆ ಆಟ ನೆನಪಿದೆಯಲ್ಲ? ಅದೆಲ್ಲ ಆ ಕೈಗಳಿಂದಲೇ ಸಾಧ್ಯವಾಗಿದ್ದು.

ಪಾಸ್ ವಿಷಯಕ್ಕೆ ಬಂದರೆ, ಅವನ ದೊಡ್ಡ ಗುಣ ಪಾಸ್‌ನ ಅಂದವಲ್ಲ, ಪಾಸ್‌ನ ಹೊತ್ತು. ಬಾಸ್ಟನ್ ಸೆಲ್ಟಿಕ್ಸ್‌ನಲ್ಲಿ ಅವನ ಜೊತೆಗಿದ್ದ ಶೂಟರ್ ರೇ ಆಲೆನ್ ಸ್ಕ್ರೀನ್ (ಡಿಫೆಂಡರ್‌ಗೆ ಅಡ್ಡ ನಿಂತ ಜೊತೆಗಾರ) ಸುತ್ತಿ ಓಡಿ ಬರುತ್ತಿರುವಾಗಲೇ ಚೆಂಡು ಹೊರಟಿರುತ್ತಿತ್ತು. ಆಲೆನ್ ತಿರುಗುವಷ್ಟರಲ್ಲಿ ಅದು ಶೂಟ್ ಮಾಡುವ ಎತ್ತರಕ್ಕೇ ಬಂದು ಕೈ ಸೇರುತ್ತಿತ್ತು. ಅರ್ಧ ಸೆಕೆಂಡ್ ತಡವಾದರೆ ಡಿಫೆಂಡರ್ ಬಂದುಬಿಡುತ್ತಾನೆ. ಆ ಅರ್ಧ ಸೆಕೆಂಡನ್ನು ರೊಂಡೊ ತನ್ನ ಜೊತೆಗಾರರಿಗೆ ಉಳಿಸಿಕೊಡುತ್ತಿದ್ದ.

ಅಸಿಸ್ಟ್‌ನಲ್ಲಿ (ಬುಟ್ಟಿಗೆ ಬಿದ್ದ ಶಾಟ್‌ಗೆ ಕೊಟ್ಟ ಪಾಸ್) ಮೂರು ಸಲ ಲೀಗ್‌ಗೇ ಮೊದಲಿಗ: 2011-12, 2012-13, 2015-16. ಸ್ಟೀಲ್‌ನಲ್ಲಿ (ಎದುರಾಳಿಯಿಂದ ಚೆಂಡು ಕಸಿಯುವುದು) 2009-10ರಲ್ಲಿ ಮೊದಲಿಗ. 2010ರ ಪ್ಲೇಆಫ್‌ನಲ್ಲಿ ಕ್ಲೀವ್‌ಲ್ಯಾಂಡ್ ವಿರುದ್ಧ ನಾಲ್ಕನೇ ಪಂದ್ಯದಲ್ಲಿ 29 ಪಾಯಿಂಟ್, 18 ರೀಬೌಂಡ್ (ತಪ್ಪಿದ ಶಾಟ್‌ನ ಚೆಂಡು ಹಿಡಿಯುವುದು), 13 ಅಸಿಸ್ಟ್. 18 ರೀಬೌಂಡ್ ಅನ್ನೋದನ್ನು ಇನ್ನೊಮ್ಮೆ ಓದಿ. ಆ ಅಂಕಣದಲ್ಲಿ ಲೆಬ್ರಾನ್ ಇದ್ದ, ಶಕೀಲ್ ಓನೀಲ್ ಇದ್ದ, ಬಾಸ್ಟನ್‌ನ ಕೆವಿನ್ ಗಾರ್ನೆಟ್ ಇದ್ದ, ಎಲ್ಲರೂ ಅವನಿಗಿಂತ ಎಷ್ಟೋ ಎತ್ತರ.

ಈಗ ನನ್ನ ವಾದ. ರೊಂಡೊನ ದೌರ್ಬಲ್ಯ ಏನು ಅಂತ ಎಲ್ಲರಿಗೂ ಗೊತ್ತು: ದೂರದಿಂದ ಶೂಟ್ ಮಾಡುವುದಿಲ್ಲ, ಫ್ರೀ ಥ್ರೋ (ಫೌಲ್ ಆದಾಗ ಸಿಗುವ, ಯಾರೂ ತಡೆಯದ ಶಾಟ್) ಕಳಪೆ. ಆದರೆ ಆ ದೌರ್ಬಲ್ಯಕ್ಕೆ ತಂಡ ತೆರುವ ಬೆಲೆ ಎಲ್ಲಾ ಕಡೆ ಒಂದೇ ಇರಲಿಲ್ಲ. ಬಾಸ್ಟನ್‌ನಲ್ಲಿ ಅದು ಸಣ್ಣ ಬೆಲೆ, ಡಲ್ಲಾಸ್‌ನಲ್ಲಿ ಭಾರಿ ಬೆಲೆ. ಆಟಗಾರ ಅವನೇ, ಸುತ್ತ ಇದ್ದ ನಾಲ್ವರು ಬೇರೆ. ಹಾಗಾಗಿ ಪಾಯಿಂಟ್ ಗಾರ್ಡ್‌ನನ್ನು ಅಳೆಯುವಾಗ ಅವನೊಬ್ಬನ ಅಂಕಿಗಳನ್ನು ಸಾಲಾಗಿ ಇಟ್ಟು ನೋಡಿದರೆ ಏನೂ ತಿಳಿಯುವುದಿಲ್ಲ. ಅವನು ಯಾರ ಜೊತೆ ಆಡಿದ, ಅವನ ಕೊರತೆಯನ್ನು ಯಾರು ತುಂಬಿದರು ಅಂತ ನೋಡಬೇಕು.

ನಿಮಗೆ ಏನನ್ನಿಸುತ್ತದೆ? ಒಪ್ಪದವರು ಖಂಡಿತ ಬರೆಯಿರಿ.

ಅಂಕಿ_ನೋಡಿ

ಬರಹ ಚೆನ್ನಾಗಿದೆ, ಆದರೆ ನಾನು ಒಪ್ಪುವುದಿಲ್ಲ. "ಸುತ್ತ ಇದ್ದವರು" ಅನ್ನುವುದು ಯಾವ ಆಟಗಾರನಿಗೆ ಬೇಕಾದರೂ ಹೇಳಬಹುದಾದ ಮಾತು.

2012-13ನೇ ಸಾಲನ್ನೇ ತೆಗೆದುಕೊಳ್ಳಿ. ಜನವರಿ ಕೊನೆಯಲ್ಲಿ ಅವರ ಮೊಣಕಾಲಿನ ಎಸಿಎಲ್ (ಮುಖ್ಯ ಅಸ್ಥಿರಜ್ಜು) ಹರಿಯಿತು. ಆ ಹೊತ್ತಿಗೆ ಸೆಲ್ಟಿಕ್ಸ್ 20 ಗೆದ್ದು 23 ಸೋತಿತ್ತು. ಅವರು ಹೊರಗೆ ಕೂತ ಮೇಲೆ ತಂಡ ಸತತವಾಗಿ ಏಳು ಪಂದ್ಯ ಗೆದ್ದಿತು. ಕೊನೆಗೆ 41-40ರಲ್ಲಿ ಮುಗಿಸಿತು. ಲೀಗ್‌ನಲ್ಲೇ ಅತಿ ಹೆಚ್ಚು ಅಸಿಸ್ಟ್ ಕೊಡುತ್ತಿದ್ದವರು ಹೋದ ಮೇಲೆ ತಂಡ ಕುಸಿಯಬೇಕಿತ್ತು ಅಲ್ವಾ? ಕುಸಿಯಲಿಲ್ಲ. ಜೊತೆಗಾರ ಪಾಲ್ ಪಿಯರ್ಸ್ ಚೆಂಡು ಹಿಡಿದರು, ಎಲ್ಲರೂ ಪಾಸ್ ಮಾಡಿದರು, ಆಟ ನಡೆಯಿತು.

2015-16ರ ಸ್ಯಾಕ್ರಮೆಂಟೊ ನೋಡಿ. ಪಂದ್ಯಕ್ಕೆ 11.7 ಅಸಿಸ್ಟ್, ಮತ್ತೆ ಲೀಗ್‌ಗೇ ಮೊದಲು. ತಂಡ 33 ಗೆದ್ದು 49 ಸೋತಿತು. ಇಷ್ಟು ಅಸಿಸ್ಟ್ ಬಂದರೂ ಗೆಲುವು ಬರುತ್ತಿಲ್ಲ ಅಂದರೆ ಆ ಅಸಿಸ್ಟ್‌ಗಳ ಗುಣಮಟ್ಟವನ್ನೇ ಪ್ರಶ್ನಿಸಬೇಕು.

ಫ್ರೀ ಥ್ರೋ ವೃತ್ತಿಜೀವನದ ಸರಾಸರಿ ಸುಮಾರು 61%. 2014-15ರಲ್ಲಿ 40%ಗೂ ಕೆಳಗೆ ಇಳಿದಿತ್ತು. ಚೆಂಡನ್ನು ಹೆಚ್ಚು ಹೊತ್ತು ಇಟ್ಟುಕೊಳ್ಳುವವರು ಪಾಯಿಂಟ್ ಗಾರ್ಡ್. ಕೊನೆಯ ಎರಡು ನಿಮಿಷದಲ್ಲಿ ಎದುರಾಳಿ ಫೌಲ್ ಮಾಡುವುದೂ ಅವರಿಗೇ. ಅಲ್ಲಿ ಹತ್ತರಲ್ಲಿ ಆರು ಹಾಕುವವರನ್ನು ಇಟ್ಟುಕೊಂಡು ಯಾವ ಕೋಚ್ ನೆಮ್ಮದಿಯಾಗಿ ಇರುತ್ತಾರೆ?

ಬೆಂಚ್_ಕೋಚ್

ಇಬ್ಬರ ಮಾತಿನಲ್ಲೂ ಹುರುಳಿದೆ. ಆದರೆ "ಶೂಟ್ ಮಾಡಲ್ಲ" ಅಂದರೆ ಅಂಕಣದಲ್ಲಿ ನಿಜವಾಗಿ ಏನಾಗುತ್ತದೆ ಅನ್ನುವುದನ್ನು ಯಾರೂ ಬಿಡಿಸಿ ಹೇಳಿಲ್ಲ. ನಾನು ಪ್ರಯತ್ನಿಸುತ್ತೇನೆ.

ರೊಂಡೊ ಮೂರು ಪಾಯಿಂಟ್ ಗೆರೆಯ ಹೊರಗೆ ಚೆಂಡು ಹಿಡಿದು ನಿಂತಿದ್ದಾನೆ ಅಂದುಕೊಳ್ಳಿ. ಅವನ ಡಿಫೆಂಡರ್ ಹತ್ತಿರ ಬರುವುದೇ ಇಲ್ಲ. ಎಂಟು ಹತ್ತು ಅಡಿ ಹಿಂದೆ, ಫ್ರೀ ಥ್ರೋ ಗೆರೆಯ ಆಸುಪಾಸಿನಲ್ಲಿ ನಿಂತಿರುತ್ತಾನೆ. ಇದರಿಂದ ಮೂರು ತೊಂದರೆ. ಗಾರ್ನೆಟ್‌ಗೆ ಚೆಂಡು ಹೋದರೆ ಆ ಡಿಫೆಂಡರ್ ಎರಡೇ ಹೆಜ್ಜೆಯಲ್ಲಿ ಅಲ್ಲಿಗೆ ತಲುಪುತ್ತಾನೆ. ಪಿಯರ್ಸ್ ಒಳಗೆ ನುಗ್ಗಿದರೆ ದಾರಿಯಲ್ಲಿ ಇನ್ನೊಬ್ಬ ಸಿಗುತ್ತಾನೆ. ಪಿಕ್ ಅಂಡ್ ರೋಲ್‌ನಲ್ಲಿ (ಜೊತೆಗಾರ ಸ್ಕ್ರೀನ್ ಹಾಕಿ ಬುಟ್ಟಿ ಕಡೆ ಓಡುವ ಆಟ) ಡಿಫೆಂಡರ್ ಸ್ಕ್ರೀನ್‌ನ ಹಿಂದಿನಿಂದ ಆರಾಮಾಗಿ ಸುತ್ತಿ ಬರುತ್ತಾನೆ, ಯಾಕೆಂದರೆ ದೂರದಿಂದ ಶಾಟ್ ಬರುವುದಿಲ್ಲ ಅಂತ ಗೊತ್ತು. ಹೆಸರಿಗೆ ಐದು ಜನರ ಆಟ, ನಿಜದಲ್ಲಿ ನಾಲ್ಕು ಜನ ಐವರ ಎದುರು ಆಡಿದ ಹಾಗೆ.

2008ರ ಫೈನಲ್ಸ್‌ನಲ್ಲಿ (ಚಾಂಪಿಯನ್ ಯಾರೆಂದು ತೀರ್ಮಾನಿಸುವ ಕೊನೆಯ ಸರಣಿ) ಎದುರಾಳಿ ಲೇಕರ್ಸ್ ಇದನ್ನೇ ಮಾಡಿತು. ಕೋಬಿ ಬ್ರಯಂಟ್‌ನನ್ನು ರೊಂಡೊ ಮೇಲೆ ಬಿಟ್ಟಿತು. ರೊಂಡೊನನ್ನು ತಡೆಯಲು ಅಲ್ಲ, ಅವನನ್ನು ಬಿಟ್ಟು ಉಳಿದವರ ದಾರಿಗೆ ಅಡ್ಡ ನಿಲ್ಲಲು. ನಾಲ್ಕನೇ ಪಂದ್ಯದಲ್ಲಿ ಸೆಲ್ಟಿಕ್ಸ್ 24 ಪಾಯಿಂಟ್ ಹಿಂದೆ ಬಿದ್ದು, ವಾಪಸ್ ಬಂದು 97-91ರಲ್ಲಿ ಗೆದ್ದಿತಲ್ಲ, ಆ ಹೊತ್ತಿನಲ್ಲಿ ಅಂಕಣದಲ್ಲಿ ಇದ್ದ ಗಾರ್ಡ್ ಎಡ್ಡಿ ಹೌಸ್. ಹೌಸ್ ಪಾಸ್ ಮಾಡುವುದರಲ್ಲಿ ರೊಂಡೊನ ಹತ್ತಿರಕ್ಕೂ ಬರುವುದಿಲ್ಲ. ಆದರೆ ಶೂಟ್ ಮಾಡುತ್ತಿದ್ದ. ಅವನನ್ನು ಬಿಟ್ಟು ಹೋಗಲು ಡಿಫೆಂಡರ್‌ಗೆ ಧೈರ್ಯ ಇರಲಿಲ್ಲ.

ಇಷ್ಟಾದರೂ ಆರನೇ ಪಂದ್ಯದಲ್ಲಿ ಏನಾಯಿತು? ಅದೇ ರೊಂಡೊ 21 ಪಾಯಿಂಟ್, 8 ಅಸಿಸ್ಟ್, 7 ರೀಬೌಂಡ್, 6 ಸ್ಟೀಲ್. ಸೆಲ್ಟಿಕ್ಸ್ 131-92ರಲ್ಲಿ ಗೆದ್ದು ಚಾಂಪಿಯನ್ ಆಯಿತು. ಆಗ ಅವನಿಗೆ 22 ವರ್ಷ. ಅವತ್ತು ಅವನು ದೂರದಿಂದ ಸರಿಯಾಗಿ ಶೂಟ್ ಮಾಡಿದ ಅಂತಲ್ಲ. ಚೆಂಡು ಕಸಿದು, ಎದುರಾಳಿ ಡಿಫೆನ್ಸ್ ಸರಿಯಾಗಿ ನಿಲ್ಲುವ ಮೊದಲೇ ಓಡಿದ. ಎಲ್ಲರೂ ಓಡುತ್ತಿರುವಾಗ ಹಿಂದೆ ಸರಿದು ನಿಲ್ಲುವ ಪ್ರಶ್ನೆಯೇ ಬರುವುದಿಲ್ಲ.

ಇದು ನನ್ನ ಮುಖ್ಯ ಮಾತು. ರೊಂಡೊನ ದೌರ್ಬಲ್ಯ ಅರ್ಧ ಅಂಕಣದ ನಿಧಾನದ ಆಟದಲ್ಲಿ ಮಾತ್ರ ಕಾಣುತ್ತದೆ. ವೇಗದ ಆಟದಲ್ಲಿ ಅದು ಬಹುತೇಕ ಮಾಯ.

ಹೊಸ_ವೀಕ್ಷಕ

ನಾನು ಇತ್ತೀಚೆಗೆ ನೋಡಲು ಶುರು ಮಾಡಿದವಳು. ಒಂದು ಸಣ್ಣ ಪ್ರಶ್ನೆ. ಇಷ್ಟು ಬುದ್ಧಿವಂತ ಆಟಗಾರ, ಇಷ್ಟು ವರ್ಷ ಆಡಿದವರು, ಶೂಟ್ ಮಾಡಲು ಯಾಕೆ ಕಲಿಯಲಿಲ್ಲ? ಇನ್ನೊಬ್ಬ ಪಾಯಿಂಟ್ ಗಾರ್ಡ್ ಜೇಸನ್ ಕಿಡ್ ಕಲಿತರು ಅಂತಾರಲ್ಲ?

ಬೆಂಚ್_ಕೋಚ್

ಒಳ್ಳೆಯ ಪ್ರಶ್ನೆ ಮೇಡಂ. ಕಿಡ್ ಉದಾಹರಣೆ ಸರಿಯಾದದ್ದು. ಶುರುವಿನಲ್ಲಿ ಅವನನ್ನೂ ಶೂಟ್ ಮಾಡಲು ಬರದವನು ಅಂತಲೇ ಕರೆಯುತ್ತಿದ್ದರು. 2013ರಲ್ಲಿ ನಿವೃತ್ತಿಯಾಗುವ ಹೊತ್ತಿಗೆ 1,988 ತ್ರೀ ಪಾಯಿಂಟರ್ ಹಾಕಿದ್ದ. ಆಗ ಅವನಿಗಿಂತ ಜಾಸ್ತಿ ಹಾಕಿದವರು ರೇ ಆಲೆನ್ ಮತ್ತು ರೆಜಿ ಮಿಲ್ಲರ್ ಇಬ್ಬರೇ. 2011ರಲ್ಲಿ ಡಲ್ಲಾಸ್ ಚಾಂಪಿಯನ್ ಆದಾಗ ಕಿಡ್ ಮೂಲೆಯಲ್ಲಿ ನಿಂತು ಶಾಟ್ ಹಾಕುವ ಕೆಲಸವನ್ನೂ ಮಾಡುತ್ತಿದ್ದ.

ರೊಂಡೊ ಕಲಿಯಲೇ ಇಲ್ಲ ಅನ್ನುವುದೂ ಪೂರ್ತಿ ಸರಿಯಲ್ಲ. 2015-16ರಲ್ಲಿ ದೂರದಿಂದ 36.5%, ಮುಂದಿನ ವರ್ಷ ಷಿಕಾಗೊದಲ್ಲಿ 37.6%. ಕೆಟ್ಟ ಅಂಕಿಯಲ್ಲ. ಆದರೂ ಡಿಫೆಂಡರ್‌ಗಳು ಹಿಂದೆಯೇ ನಿಂತರು. ಯಾಕೆ? ಅವನು ಹಾಕುತ್ತಿದ್ದದ್ದು ಯಾರೂ ಹತ್ತಿರ ಇಲ್ಲದಾಗ, ಅದೂ ಕೆಲವೇ ಶಾಟ್. ಎದುರಾಳಿಗೆ ಹೆದರಿಕೆ ಹುಟ್ಟುವುದು ಶೇಕಡಾವಾರು ನೋಡಿ ಅಲ್ಲ. ಸ್ಕ್ರೀನ್ ದಾಟಿದ ತಕ್ಷಣ ಯೋಚಿಸದೆ ಎತ್ತಿ ಹಾಕುತ್ತಾನೆ ಅಂತ ಗೊತ್ತಾದಾಗ. ರೊಂಡೊ ಆ ಶಾಟ್ ಎತ್ತುವವನೇ ಅಲ್ಲ. ಅವನ ಕಣ್ಣು ಮೊದಲು ಹುಡುಕುತ್ತಿದ್ದದ್ದು ಪಾಸ್ ಅನ್ನು.

ಹಸಿರು_ಜೆರ್ಸಿ

ಅಂಕಿ_ನೋಡಿ ಸರ್, 2012-13ರ ಬಗ್ಗೆ. ಆ ಏಳು ಗೆಲುವು ನಿಜ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಆ ಸೀಸನ್‌ಗೆ ಮೊದಲೇ ರೇ ಆಲೆನ್ ಮಯಾಮಿಗೆ ಹೋಗಿದ್ದ. ನಾನು ಹೇಳುತ್ತಿರುವುದಕ್ಕೆ ಇದೇ ಸಾಕ್ಷಿ. ಸದಾ ಓಡುತ್ತಾ ಡಿಫೆನ್ಸ್ ಅನ್ನು ಚದುರಿಸುತ್ತಿದ್ದ ಶೂಟರ್ ಹೋದ. ರೊಂಡೊನ ಕೊರತೆಯನ್ನು ತುಂಬುತ್ತಿದ್ದವರಲ್ಲಿ ಒಬ್ಬ ಕಡಿಮೆಯಾದ. ಅಸಿಸ್ಟ್ ಅಷ್ಟೇ ಬಂದವು, ಗೆಲುವು ಬರಲಿಲ್ಲ.

ಡಲ್ಲಾಸ್ ಕಥೆ ಇನ್ನೂ ಸ್ಪಷ್ಟ. 2014ರ ಡಿಸೆಂಬರ್‌ನಲ್ಲಿ ಅವನನ್ನು ಅಲ್ಲಿಗೆ ಟ್ರೇಡ್ ಮಾಡಿದರು. ಆಗ ಡಲ್ಲಾಸ್‌ನ ಅಟ್ಯಾಕ್ ಇಡೀ ಲೀಗ್‌ನಲ್ಲೇ ನಂಬರ್ ಒನ್. ಆ ಆಟ ಹೇಗಿತ್ತು? ಡರ್ಕ್ ನೊವಿಟ್ಸ್ಕಿ ಹೊರಗೆ ನಿಂತು ಎದುರಾಳಿಯ ಎತ್ತರದ ಆಟಗಾರನನ್ನು ಹೊರಗೆ ಎಳೆಯುತ್ತಿದ್ದ. ಮಾಂಟಾ ಎಲಿಸ್ ಚೆಂಡು ಹಿಡಿದು ಆ ಜಾಗಕ್ಕೆ ನುಗ್ಗುತ್ತಿದ್ದ. ಟೈಸನ್ ಚಾಂಡ್ಲರ್ ರಿಮ್ (ಬುಟ್ಟಿಯ ಬಳೆ) ಕಡೆ ಓಡುತ್ತಿದ್ದ. ಎಲ್ಲಾ ನಿಂತಿದ್ದದ್ದು ಖಾಲಿ ಜಾಗದ ಮೇಲೆ. ರೊಂಡೊ ಬಂದ ಮೇಲೆ ಅವನ ಡಿಫೆಂಡರ್ ಆ ಖಾಲಿ ಜಾಗದ ನಟ್ಟನಡುವೆ ಬಂದು ನಿಂತ. ಎಲಿಸ್‌ನ ದಾರಿ ಮುಚ್ಚಿತು. ಚೆಂಡು ಎಲಿಸ್ ಕೈಯಲ್ಲಿದ್ದಾಗ ರೊಂಡೊಗೆ ಮೂಲೆಯಲ್ಲಿ ಸುಮ್ನೆ ನಿಲ್ಲುವ ಕೆಲಸ. ಅವನು ಅತ್ಯಂತ ಕೆಟ್ಟದಾಗಿ ಮಾಡುವ ಕೆಲಸ ಅದೇ.

ಕೋಚ್ ರಿಕ್ ಕಾರ್ಲೈಲ್‌ಗೂ ಅವನಿಗೂ ಪ್ಲೇ (ಮೊದಲೇ ಹೆಣೆದ ಆಟದ ತಂತ್ರ) ಯಾರು ಕರೆಯಬೇಕು ಅನ್ನುವುದರ ಮೇಲೆ ಜಗಳ. 2015ರ ಫೆಬ್ರುವರಿಯಲ್ಲಿ ಟೊರಾಂಟೊ ಪಂದ್ಯದ ನಡುವೆಯೇ ಇಬ್ಬರೂ ಕೂಗಾಡಿದರು, ರೊಂಡೊಗೆ ಒಂದು ಪಂದ್ಯದ ಅಮಾನತು ಆಯಿತು. ಹ್ಯೂಸ್ಟನ್ ವಿರುದ್ಧದ ಪ್ಲೇಆಫ್‌ನಲ್ಲಿ ಎರಡನೇ ಪಂದ್ಯದ ನಂತರ ಅವನು ಆ ತಂಡಕ್ಕೆ ಮತ್ತೆ ಆಡಲೇ ಇಲ್ಲ. ಇದರಲ್ಲಿ ಅವನ ಹಟವೂ ದೊಡ್ಡ ಪಾಲು. ಅದು ಅವನ ದೌರ್ಬಲ್ಯಗಳ ಪಟ್ಟಿಯಲ್ಲಿ ಶೂಟಿಂಗ್‌ಗಿಂತ ಮೇಲೆ ಬರಬೇಕು ಅಂತ ನನಗನ್ನಿಸುತ್ತದೆ. ಬೇರೆಯವರ ವ್ಯವಸ್ಥೆಯಲ್ಲಿ ಒಂದು ಭಾಗವಾಗಿ ಇರುವುದು ಅವನಿಗೆ ಒಗ್ಗಲಿಲ್ಲ. ಆಗಲೇ ಚೆನ್ನಾಗಿ ನಡೆಯುತ್ತಿದ್ದ ತಂಡಕ್ಕೆ ಅವನನ್ನು ತಂದವರೂ ಈ ಲೆಕ್ಕ ಹಾಕಬೇಕಿತ್ತು.

ಅಂಕಿ_ನೋಡಿ

ಡಲ್ಲಾಸ್ ವಿಶ್ಲೇಷಣೆ ಚೆನ್ನಾಗಿದೆ. ಆದರೆ ಅದು ನಿಮ್ಮ ವಾದಕ್ಕಿಂತ ನನ್ನ ವಾದಕ್ಕೇ ಹತ್ತಿರ. ಒಳ್ಳೆಯ ತಂಡಕ್ಕೆ ಸೇರಿಸಿದರೆ ತಂಡ ಇನ್ನೂ ಒಳ್ಳೆಯದಾಗಬೇಕು. ಅವರು ಇರಬೇಕಾದರೆ ಉಳಿದ ನಾಲ್ವರನ್ನೂ ಅವರಿಗೆ ತಕ್ಕ ಹಾಗೆ ಆರಿಸಬೇಕು ಅಂದರೆ ಅದು ದುಬಾರಿ ಆಟಗಾರನ ಲಕ್ಷಣ.

ಇನ್ನೊಂದು ವಿಷಯ ಯಾರೂ ಎತ್ತಿಲ್ಲ. ಲೇಅಪ್ ಹಾಕಬಹುದಾದ ಕಡೆ ಹಾಕದೆ, ಹಿಂದಕ್ಕೆ ಪಾಸ್ ಕೊಡುವ ಅಭ್ಯಾಸ. ರಿಮ್ ಹತ್ತಿರ ಹೋಗಿ, ಎದುರಿಗೆ ಒಬ್ಬನೇ ಇದ್ದರೂ, ಹೊರಗೆ ನಿಂತವನಿಗೆ ಎಸೆಯುತ್ತಿದ್ದರು. ಇದಕ್ಕೆ ಫ್ರೀ ಥ್ರೋ ಭಯವೂ ಕಾರಣ ಇರಬಹುದು. 2012ರಲ್ಲಿ ಸತತ 37 ಪಂದ್ಯಗಳಲ್ಲಿ ಹತ್ತಕ್ಕೆ ಕಡಿಮೆಯಿಲ್ಲದ ಅಸಿಸ್ಟ್ ಕೊಡುವ ಸರಣಿ ನಡೆಯುತ್ತಿತ್ತಲ್ಲ, ಆಗ ಇದು ಇನ್ನೂ ಹೆಚ್ಚಾಗಿ ಕಾಣುತ್ತಿತ್ತು. ಆ ಸರಣಿ ಮುಗಿದದ್ದು ನೆಟ್ಸ್ ವಿರುದ್ಧ ಕ್ರಿಸ್ ಹಂಫ್ರೀಸ್ ಜೊತೆ ಹೊಡೆದಾಟಕ್ಕೆ ಇಳಿದು ಹೊರಹಾಕಿಸಿಕೊಂಡಾಗ. ಎರಡು ಪಂದ್ಯ ಅಮಾನತು. ತಂಡದ ಮುಖ್ಯ ಗಾರ್ಡ್ ಹಾಗೆ ತಾಳ್ಮೆ ಕಳೆದುಕೊಂಡರೆ ನಷ್ಟ ಯಾರಿಗೆ?

ಡಿಫೆನ್ಸ್_ಮೊದಲು

ಎಲ್ಲರೂ ಅಟ್ಯಾಕ್ ಬಗ್ಗೆಯೇ ಬರೆಯುತ್ತಿದ್ದೀರಿ. ಡಿಫೆನ್ಸ್ ನೋಡದೆ ಪಾಯಿಂಟ್ ಗಾರ್ಡ್‌ನನ್ನು ಅಳೆದರೆ ಅರ್ಧ ಆಟ ಬಿಟ್ಟ ಹಾಗೆ.

2009ರಿಂದ 2012ರವರೆಗೆ ಪ್ರತಿ ವರ್ಷ ರೊಂಡೊ ಆಲ್ ಡಿಫೆನ್ಸಿವ್ ತಂಡದಲ್ಲಿ (ಲೀಗ್‌ನ ಅತ್ಯುತ್ತಮ ಡಿಫೆಂಡರ್‌ಗಳ ಗೌರವ ಪಟ್ಟಿ) ಇದ್ದ. 2010 ಮತ್ತು 2011ರಲ್ಲಿ ಮೊದಲ ತಂಡ. ಉದ್ದ ಕೈ, ಚುರುಕು ಕಾಲು, ಎದುರಾಳಿಯ ಪ್ಲೇ ಮೊದಲೇ ಊಹಿಸುವ ತಲೆ. ಎದುರಾಳಿ ಕೋಚ್ ಪ್ಲೇಯ ಹೆಸರು ಕೂಗಿದ ತಕ್ಷಣ ಯಾರು ಎಲ್ಲಿಗೆ ಓಡುತ್ತಾರೆ ಅಂತ ತನ್ನವರಿಗೆ ಕೂಗಿ ಹೇಳುತ್ತಿದ್ದ.

ಆದರೆ ಆಗಲೂ ಒಂದು ಕೆಟ್ಟ ಚಾಳಿ ಇತ್ತು. ಎದುರಾಳಿ ತನ್ನನ್ನು ದಾಟಿ ಹೋಗಲು ಬಿಟ್ಟು, ಹಿಂದಿನಿಂದ ಕೈ ಹಾಕಿ ಚೆಂಡು ತಟ್ಟುವುದು. ಸಿಕ್ಕಿದರೆ ಸ್ಟೀಲ್, ಎಲ್ಲರೂ ಚಪ್ಪಾಳೆ. ಸಿಗದಿದ್ದರೆ ಗಾರ್ನೆಟ್ ಒಬ್ಬನೇ ರಿಮ್ ಕಾಯಬೇಕು. ಗಾರ್ನೆಟ್ ಥರದವನು ಹಿಂದೆ ಇದ್ದಾಗ ಆ ಜೂಜು ನಡೆಯುತ್ತದೆ. ಮೊಣಕಾಲಿನ ಆಪರೇಷನ್ ಆದ ಮೇಲೆ ಕಾಲಿನ ಚುರುಕು ಕಡಿಮೆಯಾಯಿತು, ಹಿಂದೆ ಗಾರ್ನೆಟ್ ಕೂಡ ಇರಲಿಲ್ಲ. ಚಾಳಿ ಮಾತ್ರ ಉಳಿಯಿತು. 2012ರ ನಂತರ ಆಲ್ ಡಿಫೆನ್ಸಿವ್ ತಂಡದಲ್ಲಿ ಅವನ ಹೆಸರು ಮತ್ತೆ ಬರಲಿಲ್ಲ. ಸ್ಯಾಕ್ರಮೆಂಟೊ ಸೋತಿದ್ದಕ್ಕೆ ಅಸಿಸ್ಟ್‌ಗಳನ್ನು ದೂರುವ ಮೊದಲು ಅಲ್ಲಿನ ಡಿಫೆನ್ಸ್ ನೋಡಿ. ರೊಂಡೊ ಅದರಲ್ಲಿ ದೊಡ್ಡ ಪಾಲುದಾರ.

ಹೊಸ_ವೀಕ್ಷಕ

ಇದೆಲ್ಲ ಓದಿ ಒಂದು ಪಂದ್ಯ ಪೂರ್ತಿ ನೋಡಬೇಕು ಅನ್ನಿಸಿತು. ಯಾವುದು ನೋಡಲಿ?

ಹಸಿರು_ಜೆರ್ಸಿ

2012ರ ಮೇ 30, ಮಯಾಮಿ ವಿರುದ್ಧ ಕಾನ್ಫರೆನ್ಸ್ ಫೈನಲ್‌ನ (ಫೈನಲ್ಸ್‌ಗೆ ಮೊದಲಿನ ಸುತ್ತು) ಎರಡನೇ ಪಂದ್ಯ. ಬೇರೆ ಯೋಚನೆಯೇ ಬೇಡ.

ಓವರ್‌ಟೈಮ್ ಸೇರಿ 53 ನಿಮಿಷ. ರೊಂಡೊ ಒಂದು ನಿಮಿಷವೂ ಕೂರಲಿಲ್ಲ. 44 ಪಾಯಿಂಟ್, 10 ಅಸಿಸ್ಟ್, 8 ರೀಬೌಂಡ್. 24 ಶಾಟ್‌ನಲ್ಲಿ 16 ಹಾಕಿದ. ಓವರ್‌ಟೈಮ್‌ನಲ್ಲಿ ಬಾಸ್ಟನ್ ಗಳಿಸಿದ 12 ಪಾಯಿಂಟ್ ಕೂಡ ಅವನವೇ. ಮಯಾಮಿ 115-111ರಲ್ಲಿ ಗೆದ್ದಿತು.

ನೋಡುವಾಗ ಅವನ ಡಿಫೆಂಡರ್ ಎಲ್ಲಿ ನಿಂತಿದ್ದಾನೆ ಅಂತ ಗಮನಿಸಿ. ಎಂದಿನ ಹಾಗೆ ಹಿಂದೆಯೇ ಸರಿದಿದ್ದರು. ಅವತ್ತು ರೊಂಡೊ ಆ ಖಾಲಿ ಜಾಗದಲ್ಲೇ ನಿಂತು ಮಿಡ್ ರೇಂಜ್ ಶಾಟ್ ಹಾಕಿದ, ಮತ್ತೆ ಮತ್ತೆ ಹಾಕಿದ. ಅವರು ಮುಂದೆ ಬಂದ ಕ್ಷಣ ದಾಟಿ ಒಳಗೆ ಹೋದ. ಫ್ರೀ ಥ್ರೋ ಕೂಡ 12ರಲ್ಲಿ 10. ಈ ಆಟ ಅವನ ಒಳಗೆ ಇತ್ತು. ಪ್ರತಿ ರಾತ್ರಿ ಅದನ್ನು ಹೊರಗೆ ತರಲಿಲ್ಲ ಅನ್ನುವುದೇ ನನಗೆ ಇವತ್ತಿಗೂ ಹೊಟ್ಟೆ ಉರಿಸುವ ವಿಷಯ.

ಅಂಕಿ_ನೋಡಿ

ಆ ಪಂದ್ಯದ ಬಗ್ಗೆ ತಕರಾರಿಲ್ಲ. ಆದರೆ ನಿಮ್ಮ ಕೊನೆಯ ಸಾಲು ನೋಡಿ ಸರ್. "ಪ್ರತಿ ರಾತ್ರಿ ತರಲಿಲ್ಲ". ಸೀಸನ್‌ನಲ್ಲಿ 82 ಪಂದ್ಯ ಇರುತ್ತವೆ. ಟಿವಿಯಲ್ಲಿ ದೇಶವೆಲ್ಲ ನೋಡುವ ರಾತ್ರಿ ಮಾತ್ರ ಪೂರ್ತಿ ಆಡುವವರು ಅನ್ನುವ ಹೆಸರು ಅವರಿಗೆ ಸುಮ್ನೆ ಬಂದಿಲ್ಲ.

ಹಸಿರು_ಜೆರ್ಸಿ

ಅದು ನ್ಯಾಯವಾದ ದೂರು. ಆದರೆ ಪ್ಲೇಆಫ್‌ನಲ್ಲಿ ಅವನು ಬದಲಾಗುವುದಕ್ಕೆ ಹುಮ್ಮಸ್ಸು ಒಂದೇ ಕಾರಣವಲ್ಲ. ಪ್ಲೇಆಫ್ ಅಂದರೆ ಒಂದೇ ಎದುರಾಳಿ ಜೊತೆ ನಾಲ್ಕರಿಂದ ಏಳು ಪಂದ್ಯ. ಪ್ರತಿ ಪಂದ್ಯಕ್ಕೂ ಎದುರಾಳಿಯ ಅಭ್ಯಾಸ ಜಾಸ್ತಿ ತಿಳಿಯುತ್ತದೆ. ರೊಂಡೊ ವಿಡಿಯೊ ನೋಡಿ ನೋಡಿ ಅದನ್ನೆಲ್ಲ ತಲೆಯಲ್ಲಿ ಇಟ್ಟುಕೊಳ್ಳುವವನು. ಸೀಸನ್‌ನಲ್ಲಿ ಎರಡು ದಿನಕ್ಕೊಂದು ಹೊಸ ತಂಡ, ಆ ಬಲಕ್ಕೆ ಸಮಯವೇ ಸಿಗುವುದಿಲ್ಲ.

2020 ನೋಡಿ. ಲೇಕರ್ಸ್‌ನಲ್ಲಿ ಬೆಂಚ್‌ನಿಂದ ಬರುತ್ತಿದ್ದ, ವಯಸ್ಸು 34, ಸೀಸನ್ ಸಾಧಾರಣ. ಹೆಬ್ಬೆರಳು ಮುರಿದಿತ್ತು, ಪ್ಲೇಆಫ್‌ನ ಮೊದಲ ಸುತ್ತೂ ತಪ್ಪಿತು. ವಾಪಸ್ ಬಂದ ಮೇಲೆ ತ್ರೀ ಪಾಯಿಂಟರ್ 40% ಹಾಕಿದ. ಫೈನಲ್ಸ್‌ನ ಆರನೇ ಪಂದ್ಯದಲ್ಲಿ 11 ಶಾಟ್‌ನಲ್ಲಿ 8 ಹಾಕಿ 19 ಪಾಯಿಂಟ್, ಲೇಕರ್ಸ್ ಚಾಂಪಿಯನ್. ಲೆಬ್ರಾನ್ ಕೂತ ಹೊತ್ತಿನಲ್ಲಿ ಆಟ ನಡೆಸುವವನು ಬೇಕಿತ್ತು. ಸುತ್ತ ಶೂಟರ್‌ಗಳು, ಮೇಲೆ ಎಸೆದರೆ ಹಿಡಿಯಲು ಆಂಟನಿ ಡೇವಿಸ್. ಡಲ್ಲಾಸ್‌ನಲ್ಲಿ ಇಲ್ಲದ ಕೆಲಸ ಇಲ್ಲಿ ಅವನಿಗೆ ಸಿಕ್ಕಿತು. ದುಬಾರಿ ಅಂತೀರಿ, ಆದರೆ ಸರಿಯಾದ ಜಾಗಕ್ಕೆ ಕೂರಿಸಿದ ಎರಡು ತಂಡಗಳಿಗೂ ಚಾಂಪಿಯನ್ ಉಂಗುರ ಸಿಕ್ಕಿದೆ.

ಬೆಂಚ್_ಕೋಚ್

ಇದಕ್ಕೆ ನಾನು 2017ರ ಷಿಕಾಗೊ ಸೇರಿಸುತ್ತೇನೆ. ಆ ಸೀಸನ್‌ನ ನಡುವೆ ಬುಲ್ಸ್ ಅವನನ್ನು ಬೆಂಚ್‌ಗೆ ತಳ್ಳಿ, ಕೆಲವು ಪಂದ್ಯ ಆಡಿಸಲೇ ಇಲ್ಲ. ಕೊನೆಗೆ ಎಂಟನೇ ಸ್ಥಾನದಲ್ಲಿ ಪ್ಲೇಆಫ್‌ಗೆ ಬಂದರು. ಎದುರಿಗೆ ಮೊದಲ ಸ್ಥಾನದ ಬಾಸ್ಟನ್. ಮೊದಲ ಎರಡೂ ಪಂದ್ಯ ಬಾಸ್ಟನ್‌ನ ಅಂಕಣದಲ್ಲೇ ಗೆದ್ದರು. ಎರಡನೆಯದರಲ್ಲಿ ರೊಂಡೊ 11 ಪಾಯಿಂಟ್, 14 ಅಸಿಸ್ಟ್, 9 ರೀಬೌಂಡ್, 5 ಸ್ಟೀಲ್. ಜಿಮ್ಮಿ ಬಟ್ಲರ್ ಮತ್ತು ಡ್ವೇನ್ ವೇಡ್ ಚೆಂಡು ಹೊತ್ತು ತರುವ ಕೆಲಸವಿಲ್ಲದೆ ಶಾಟ್ ಕಡೆ ಗಮನ ಕೊಟ್ಟರು.

ಆಮೇಲೆ ಅವನ ಬಲಗೈ ಹೆಬ್ಬೆರಳು ಮುರಿದಿದೆ ಅಂತ ಸುದ್ದಿ ಬಂತು. ಕೋಚ್ ಫ್ರೆಡ್ ಹೊಯ್ಬರ್ಗ್ ಆ ಜಾಗದಲ್ಲಿ ಜೆರಿಯನ್ ಗ್ರಾಂಟ್, ಮೈಕಲ್ ಕಾರ್ಟರ್ ವಿಲಿಯಮ್ಸ್, ಐಸಯಾ ಕೆನಾನ್ ಮೂವರನ್ನೂ ಆಡಿಸಿ ನೋಡಿದರು. ಇವರಲ್ಲಿ ಕೆನಾನ್ ದೂರದಿಂದ ಶೂಟ್ ಮಾಡುವವನೇ. ಬುಲ್ಸ್ ಮುಂದಿನ ನಾಲ್ಕೂ ಪಂದ್ಯ ಸೋತು ಹೊರಬಿತ್ತು. ಅಂಕಿ_ನೋಡಿ ಸರ್, 2013ರ ಆ ಏಳು ಗೆಲುವಿನ ಜೊತೆ ಈ ನಾಲ್ಕು ಸೋಲನ್ನೂ ನಿಮ್ಮ ಲೆಕ್ಕದಲ್ಲಿ ಬರೆದುಕೊಳ್ಳಿ.